ಎಡಿಟರಿಗೆ ಪಾಠ ಹೇಳಿದ ಮೇಡಂ

ನಮ್ಮ ಮಧುಗಿರಿ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಕಂಪ್ಯೂಟರ್ ಮೇಡಂ ಜಡೆಗೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದರು. ಪಾಠದಲ್ಲಿ ಹಿಂದುಳಿದ ಹುಡುಗಿಯಾಗಲಿ, ಮೊಂಡು ಯಂತ್ರವಾಗಲಿ, ಅವರದು ಒಂದೇ ಮಾತು: “ಗೊತ್ತಿಲ್ಲ ಅಷ್ಟೇ ಕಣಕ್ಕಾ, ಹೇಳ್ಕೊಟ್ರೆ ಬತ್ತದೆ.”

ಒಮ್ಮೆ ಕಂಪ್ಯೂಟರಿನಲ್ಲಿದ್ದ ನಮ್ಮ ಮಹಿಳಾ ಸಂಘದ ಪಟ್ಟಿಯಿಂದ ಒಬ್ಬರ ಹೆಸರು ತೆಗೆಯಲು ಹೋಗಿ, ಆಜ್ಞೆಯಲ್ಲಿ ಯಾರದೆಂದು ಬರೆಯುವುದನ್ನೇ ಮರೆತು, ಎಲ್ಲರನ್ನೂ ಅಳಿಸಿಬಿಟ್ಟರು. “ಏನ್ ಮೇಡಮ್ಮ, ಒಂದೇ ಏಟಿಗೆ ನಮ್ಮನ್ನೆಲ್ಲ ಒರ್ಸಾಕ್ಬುಟ್ರಾ?” ಎಂದು ಹೆಂಗಸರು ನಕ್ಕರು. ಮೇಡಂ ನಗಲಿಲ್ಲ, ದೂರದ ಪುರವರದವರೆಗೂ ಮನೆಮನೆ ಅಲೆದು ಹೆಸರು ಬರೆದು ತಂದರು.

ತಮ್ಮ ವಿದ್ಯಾರ್ಥಿನಿಯರಿಗೆ ಈ ಗತಿ ಬರಬಾರದೆಂದು, ಕೋಡ್ ಬರೆಯಲು ಬಳಸುವ ಎಡಿಟರ್ ತಂತ್ರಾಂಶಕ್ಕೆ ಡೇಟಾಬೇಸಿನ ಎಸ್‌ಕ್ಯೂಎಲ್ ಭಾಷೆ ಕಲಿಸಲು ಕೂತರು. ಅಂಥ ತಪ್ಪು ಬರೆದರೆ ಕೆಳಗೆ ಕೆಂಪು ಗೆರೆ ಬೀಳಬೇಕು. ಹುಡುಗಿಯರ ಮೊದಲ ಲ್ಯಾಬಿನ ಹಿಂದಿನ ದಿನವೂ ಬೀಳಲಿಲ್ಲ. ನಾನು ದೇವರಿಗೆ ಒಂದು ತುಪ್ಪದ ದೀಪ ಹೆಚ್ಚಿಗೆ ಹಚ್ಚಿದೆ.

ಮರುದಿನ ಬೆಳಿಗ್ಗೆ ನಾನು ಮಡಿಯುಟ್ಟು ನೈವೇದ್ಯ ಮಾಡುತ್ತಿದ್ದಾಗ ಮೇಡಂ ಮೆಟ್ಟಿಲಿಳಿದು ಓಡಿಬಂದರು.

“ಬಿತ್ತು ಅಕ್ಕಾ! ಕೆಂಪು ಗೆರೆ ಬಿತ್ತು!”

“ದೂರ ನಿಂತ್ಕಳಮ್ಮ, ಮಡೀಲಿದ್ದೀನಿ!”

ಕೇಳಿಸಿದರೆ ತಾನೆ? ತಬ್ಬಿಕೊಂಡೇಬಿಟ್ಟರು. ಆಮೇಲೆ ನಾಲಿಗೆ ಕಚ್ಚಿಕೊಂಡರು.

“ಓಡು, ನಿನ್ನ ಹುಡ್ಗೀರು ಕಾಯ್ತಿರ್ತಾರೆ” ಅಂದೆ. ಹಂಡೆಯಲ್ಲಿ ಬಿಸಿನೀರು ಉಳಿದಿತ್ತು, ಅದೂ ದೇವರ ದಯೆಯೇ. ನಗುತ್ತಲೇ ಇನ್ನೊಮ್ಮೆ ಸ್ನಾನ ಮಾಡಿದೆ.