ಛತ್ರಿ ಲಂಗದ ಲೆಕ್ಕ

ಎಂಟನೇ ಕ್ಲಾಸಿನ ಮಗಳ ಸೊಂಟಕ್ಕೆ ಹಾಕಿದ ನ್ಯೂಸ್‌ಪೇಪರ್ ಲಂಗ ಸರ್ರನೆ ಪಾದಕ್ಕೆ ಜಾರಿತು. ಅವಳ ಹುಟ್ಟುಹಬ್ಬದ ಛತ್ರಿ ಲಂಗಕ್ಕೆ ಅಳತೆ ಲೆಕ್ಕ ಹಾಕಿದವಳು ನಾನೇ, ನಮ್ಮ ಮನೆತನದ ಮೊದಲ ಬಿ.ಎಸ್ಸಿ. ಇಪ್ಪತ್ನಾಲ್ಕು ಇಂಚಿನ ಸೊಂಟವನ್ನು ಪೈಯಿಂದ ಭಾಗಿಸಿ, ಬಂದ ವ್ಯಾಸವನ್ನೇ ತ್ರಿಜ್ಯವೆಂದುಕೊಂಡು ಪೇಪರ್ ಕತ್ತರಿಸಿದ್ದೆ.

"ಇದ್ರೊಳಗೆ ಅಜ್ಜಿ, ಮೊಮ್ಮಗಳು ಇಬ್ರೂ ತೂರ್ಬೋದು ಕಣಮ್ಮ! ಸದ್ಯ, ರೇಷ್ಮೆಗೆ ಕತ್ತರಿ ಹಾಕ್ಲಿಲ್ವಲ್ಲ," ಎಂದು ನಕ್ಕಳು ನನ್ನಮ್ಮ. ಶಾಲೆಯ ಮೆಟ್ಟಿಲು ಹತ್ತದವಳು. ರಾಜೀವನಗರದಲ್ಲಿ ಬಟ್ಟೆ ಹೊಲಿದೇ ನನ್ನನ್ನು ಓದಿಸಿದವಳು. "ಸೊಂಟದಲ್ಲಿ ಆರನೇ ಒಂದು ಪಾಲು ತಗೋ. ನಾಲ್ಕೇ ಇಂಚು!"

ರೇಷ್ಮೆಯನ್ನು ನಾಲ್ಕು ಮಡಿಕೆ ಮಾಡಿ, ಮೂಲೆಯಿಂದ ನಾಲ್ಕಿಂಚಿಗೆ ದುಂಡಗೆ ಕತ್ತರಿಸಿದಳು. ಲಂಗ ಸೊಂಟದಲ್ಲಿ ಅಚ್ಚುಕಟ್ಟಾಗಿ ನಿಂತಿತು.

ಈಗ ಮಗಳು ಗಣಿತದ ಪುಸ್ತಕ ಹಿಡಿದು ಸೀದಾ ಅಜ್ಜಿಯ ಮಷಿನ್ ಹತ್ತಿರ ಹೋಗುತ್ತಾಳೆ. ನಾನೂ ಗುಂಡಿ ಹೊಲಿಯುವ ನೆಪದಲ್ಲಿ ಪಕ್ಕದಲ್ಲೇ ಕೂರುತ್ತೇನೆ.