ಹೊಲಿದುಬಿಟ್ಟ ಮೂಲೆ

ಎದುರುಮನೆಯ ಆಯಿಯ ಹೆಬ್ಬೆರಳಿನಲ್ಲಿ ಸೂಜಿ ಚುಚ್ಚದ ಜಾಗವೇ ಇರಲಿಲ್ಲ. ಆ ಬೆರಳಿನಿಂದ ಕೆನ್ನೆ ಸವರಿದರೆ ತರಚಿದಂತಾಗುತ್ತಿತ್ತು. ಶಹಾಬಾದಿನ ನಮ್ಮ ಓಣಿಯಲ್ಲಿ ಅವಳು ಹೊಲಿದ ಕೌದಿ ಹೊದೆಯದವರಿಲ್ಲ. ಹಳೆಯ ಸೀರೆ, ಲುಂಗಿಗಳ ಗಂಟನ್ನು ಎಲ್ಲರೂ ತಂದು ಅವಳ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು. ಮೂರು ಮೂಲೆ ಮುಚ್ಚಿ ನಾಲ್ಕನೆಯದನ್ನು ತೆರೆದಿಡುವಳು. ಕೌದಿ ಕೊಡುವ ದಿನ ಅದರೊಳಗೆ ಹೋಳಿಗೆಯ ಚೂರಿಟ್ಟು ಹೊಲಿಯುವಳು.

"ಕೌದಿ ಹೊಟ್ಟಿ ಖಾಲಿ ಇರಬಾರ್ದವ್ವ, ಹೊತಗೊಂಡಾಕಿಗಿ ಒಳ್ಳೇದಲ್ಲ" ಎನ್ನುವಳು.

ಆ ವರ್ಷ ಓಣಿಯವರೆಲ್ಲ ಸೇರಿ ಕಲಾ ಮೇಳ ಇಟ್ಟುಕೊಂಡೆವು. ಶಾಲೆಯ ಟೀಚರೆಂದು ಎಲ್ಲವೂ ನನ್ನ ತಲೆಗೇ ಬಂತು. ಫರಸಿ ಕಲ್ಲಿನ ಗೋಡೆಗಳಿಗೆ ಹಗ್ಗ ಬಿಗಿಸುವುದು, ಪೇಂಟರ್ ಚಾಚಾನ ಚಿತ್ರಗಳ ಧೂಳು ಒರೆಸುವುದು, ಮುನಿಸಿಕೊಂಡವರನ್ನು ಓಲೈಸುವುದು. ಮೇಳದ ಬೆಳಗ್ಗೆ ನಿಂತಲ್ಲೇ ಕಣ್ಣು ಮುಚ್ಚುತ್ತಿತ್ತು. ಆಯಿ ಬಸುರಿ ಮಗಳಿಗೆಂದು ಹೊಲಿಯುತ್ತಿದ್ದ ಕೌದಿಯನ್ನು ಕೇಳಿ ತಂದಿದ್ದೆ. ಆ ಮಗಳಿಗೆ ಹಿಂದೆ ಎರಡು ಕೂಸು ಉಳಿದಿರಲಿಲ್ಲ. ಗೋಡೆಗೆ ಹಾಕಿದಾಗ ಒಂದು ಮೂಲೆ ಬಾಯಿ ಬಿಟ್ಟುಕೊಂಡು ಜೋತಾಡಿತು. ಅಂದ ಕೆಡುತ್ತದೆಂದು ನಾನೇ ನಾಲ್ಕು ಹೊಲಿಗೆ ಹಾಕಿಬಿಟ್ಟೆ. ಪದ್ಧತಿ ಗೊತ್ತಿತ್ತು. ದಣಿವಿನಲ್ಲಿ ಮರೆತಿದ್ದೆ.

ಮಧ್ಯಾಹ್ನ ಆಯಿ ಮಗಳೊಡನೆ ಮೇಳ ನೋಡಲು ಬಂದಳು. ಮಗಳ ಕಣ್ಣೇ ಮೊದಲು ಅಲ್ಲಿಗೆ ಹೋಯಿತು.

"ಅವ್ವಾ, ಖಾಲಿ ಮೂಲಿ ಯಾರು ಮುಚ್ಚ್ಯಾರ?"

ಆಯಿ ನನ್ನ ಮುಖವನ್ನೊಮ್ಮೆ ನೋಡಿದಳು.

"ನಾನs ಮುಚ್ಚೀನಿ. ವಯಸ್ಸಾತು, ಮರತೆ" ಎಂದಳು.

ಅಲ್ಲೇ ನೆಲದ ಮೇಲೆ ಕುಳಿತು ಹೊಲಿಗೆ ಬಿಚ್ಚಿ, ಹೋಳಿಗೆ ತರಿಸಿ ಇಟ್ಟು ಮತ್ತೆ ಹೊಲಿದಳು. ನೋಡಲು ಬಂದವರು ಅದೂ ಮೇಳದ ಭಾಗವೆಂದುಕೊಂಡು ಸುತ್ತ ನಿಂತರು.

ಮೂರನೆಯ ಕೂಸೂ ಉಳಿಯಲಿಲ್ಲ. ಹೊಲಿಗೆಗೂ ಅದಕ್ಕೂ ಸಂಬಂಧವಿಲ್ಲವೆಂದು ನನಗೆ ಗೊತ್ತು. ಆದರೆ ಅವ್ವ ಒಮ್ಮೆ ಖಾಲಿ ಮೂಲೆ ಮುಚ್ಚಿದ್ದೇ ಕಾರಣವೆಂದು ಮಗಳು ತವರಿಗೆ ಬರುವುದನ್ನೇ ಬಿಟ್ಟಳು. ಎಲ್ಲ ಹೇಳಿಬಿಡುತ್ತೇನೆಂದು ನಾನೊಮ್ಮೆ ಹೊರಟಾಗ ಆಯಿ ಕೈ ಹಿಡಿದು ಕೂರಿಸಿದಳು.

"ಸುಮ್ಕ ಕುಂದ್ರು. ಅಕಿ ನನ್ನ ಮಗಳು, ನನ್ನ ಮ್ಯಾಲ ಸಿಟ್ಟ ಮಾಡ್ಲಿ, ತಡ್ಕೋತೀನಿ. ನಿನ್ನ ಮ್ಯಾಲ ಮಾಡಿದ್ರ ಈ ಓಣ್ಯಾಗ ನೀ ಹ್ಯಾಂಗ ಇರ್ತಿ? ಆವತ್ತ ನೀ ಭಾಳ ದಣದಿದ್ದಿ."

ನಾನು ಕುಳಿತೆ. ಕುಳಿತದ್ದು ಹಾಯೆನಿಸಿತು ಎಂಬುದಕ್ಕೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಕೊಳ್ಳಲಾರೆ. ಆಮೇಲೆ ಪ್ರತಿ ಹಬ್ಬಕ್ಕೂ ಆಯಿ ಬಾಗಿಲಲ್ಲಿ ಕುಳಿತು ಸ್ಟೇಷನ್ ಕಡೆಯ ರಸ್ತೆ ನೋಡುವಳು. ನಾನು ಎದುರುಮನೆಯಿಂದ ಅವಳನ್ನು ನೋಡುತ್ತಿದ್ದೆ.

ಹೀಗೆ ಆರು ವರ್ಷ ಕಳೆದು ಆಯಿ ತೀರಿಕೊಂಡಳು. ಮಗಳು ಬಂದಳು, ಅಳಲಿಲ್ಲ. ಮಣ್ಣು ಮುಗಿಸಿ ಎಲ್ಲರೂ ಹೋದ ಮೇಲೆ ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಇಷ್ಟೇ ಅಂದಳು:

"ಅವ್ವ ಇದ್ದಾಗ ಹೇಳಬೇಕಿತ್ತಲ್ರೀ, ಟೀಚರ್."