ಸ್ಕಾರ್‌ಬರೋದ ಅದ್ರಾಮಾಕ, ಅವರ ಶಾಫಿ ಇಮಾಮರು

ಅದ್ರಾಮಾಕ ಹೆಂಡತಿಯ ಕೈ ಹಿಡಿದದ್ದನ್ನು ನಾವು ಯಾರೂ ಕಂಡವರಲ್ಲ. ಕಾರಣ ಜಗಳವಲ್ಲ, ವುಝೂ. ನಮಾಝಿಗೆ ಮುಂಚೆ ಕೈಕಾಲು, ಮುಖ ತೊಳೆದು ಶುದ್ಧವಾಗುವ ಕ್ರಮಕ್ಕೆ ಆ ಹೆಸರು. ತೊಳೆದುಕೊಂಡ ಮೇಲೆ ಗಂಡನ ಚರ್ಮಕ್ಕೆ ಹೆಂಡತಿಯ ಚರ್ಮ ತಾಗಿದರೆ ವುಝೂ ಮುರಿಯಿತು, ಮತ್ತೆ ನಲ್ಲಿಯ ಮುಂದೆ ನಿಲ್ಲಬೇಕು. ಉತ್ತರ ಭಾರತದ ಹನಫಿ ಪಂಥದವರಿಗೆ ಈ ಕಟ್ಟಳೆಯಿಲ್ಲ. ಸಾವಿರದಿನ್ನೂರು ವರ್ಷದ ಹಿಂದಿನ ಧರ್ಮಪಂಡಿತ ಶಾಫಿ ಇಮಾಮರ ದಾರಿ ಹಿಡಿದ ನಮ್ಮ ಕರಾವಳಿಯ ಬ್ಯಾರಿಗಳಿಗೆ ಇದೆ. ಉಳ್ಳಾಲದ ಅದ್ರಾಮಾಕ ಅದನ್ನು ಕೆನಡಾದ ಸ್ಕಾರ್‌ಬರೋದ ಅಪಾರ್ಟ್‌ಮೆಂಟಿಗೂ ಹೊತ್ತು ತಂದಿದ್ದರು. ಅವರು ಒದ್ದೆ ಮುಖದಲ್ಲಿ ಬಾತ್‌ರೂಮಿನಿಂದ ಹೊರಬಿದ್ದರೆ, ಇಕ್ಕಟ್ಟಿನ ಪ್ಯಾಸೇಜಿನಲ್ಲಿ ಹೆಂಡತಿ ಅವ್ವಮ್ಮ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು.

ಅವ್ವಮ್ಮನಿಗೆ ಸಿಟ್ಟು ಬಂದರೆ ಅದೇ ಆಯುಧ. ನಾವು ಕೂತಿದ್ದಾಗಲೇ ಒಂದು ಬೆರಳು ಚಾಚಿ ಬರುತ್ತಿದ್ದರು.

"ತಾಗಿಸ್ತೇನೆ ನೋಡಿ. ಮೀನು ತರ್ಲಿಕ್ಕೆ ಹೋಗ್ತೀರಾ ಇಲ್ವಾ?"

"ಏ ಹುಚ್ಚಿ, ನಮಾಝ್ ಮುಗೀಲಿ ಮಾರಾಯ್ತಿ! ನೀರು ಐಸ್ ಉಂಟು."

"ನನ್ನ ಜೊತೆ ಸಂಸಾರ ಮಾಡಿದ್ರೆ ನಿಮ್ಮ ಇಮಾಮರು ಆ ರೂಲು ಬರೀತಿರ್ಲಿಲ್ಲ."

ಅದ್ರಾಮಾಕ ನನಗೆ ಸಿಕ್ಕಿದ್ದು ಒಶಾವಾದಲ್ಲಿ, ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಗೇಟಿನ ಮುಂದೆ. ಮುಷ್ಕರ ನಡೆದಿತ್ತು. ಮೂಗಿನಿಂದ ಇಳಿದದ್ದು ಮೀಸೆಯಲ್ಲೇ ಹೆಪ್ಪುಗಟ್ಟುವ ಚಳಿ. ಡ್ರಮ್ಮಿನಲ್ಲಿ ಹಲಗೆ ಸುಡುತ್ತ ನಾವು ಮ್ಯಾನೇಜರನಿಗೆ ಬೈಯುತ್ತಿದ್ದರೆ ಇವರು ಶಾಫಿ ಇಮಾಮರ ಕತೆ ತೆಗೆಯುತ್ತಿದ್ದರು. ಚಿಕ್ಕಂದಿನಲ್ಲಿ ಊರ ಮಸೀದಿಯ ಪಾಠಶಾಲೆ ದರ್ಸಿನಲ್ಲಿ ಕಿತಾಬು ಓದಿ ಮುಸ್ಲಿಯಾರ್, ಅಂದರೆ ಧರ್ಮಗುರು ಆಗಬೇಕೆಂದಿದ್ದವರು. ಮನೆಯಲ್ಲಿ ಗಂಜಿಗೆ ತತ್ವಾರ. ಓದು ಅರ್ಧಕ್ಕೆ ಬಿಟ್ಟು ಸೌದಿಯ ದಮ್ಮಾಮಿಗೆ ಹೋದರು, ಅಲ್ಲಿಂದ ಇಲ್ಲಿಗೆ ಬಂದರು. ಕಿತಾಬು ಹೋಯಿತು, ಇಮಾಮರು ಉಳಿದರು.

"ಇಮಾಮರು ಗಾಝಾದಲ್ಲಿ ಹುಟ್ಟಿದ್ದು. ಅಪ್ಪ ಇಲ್ಲ. ತಾಯಿ ಮಕ್ಕಾಕ್ಕೆ ಕರ್ಕೊಂಡು ಹೋದ್ರು. ಕಾಗದಕ್ಕೆ ಗತಿ ಇಲ್ಲ, ಮೂಳೆ ಮೇಲೆ ಪಾಠ ಬರ್ಕೊಳ್ತಿದ್ರಂತೆ. ಆಮೇಲೆ ಮದೀನಾ, ಬಗ್ದಾದು. ಕಡೆಗೆ ಈಜಿಪ್ಟಿಗೆ ಹೋಗಿ, ಬಗ್ದಾದಿನಲ್ಲಿ ಹೇಳಿದ್ದರಲ್ಲಿ ಎಷ್ಟೋ ಬದಲಾಯಿಸಿದ್ರು. ಮಣ್ಣಾದದ್ದೂ ಅಲ್ಲೇ."

"ಅಲ್ರೀ ಅದ್ರಾಮಾಕ, ಊರು ಬದಲಾಯ್ತಂತ ಅವರೇ ಮಾತು ಬದಲಿಸಿದ್ರು. ನೀವು ಕೆನಡಾಕ್ಕೆ ಬಂದು ಆ ಒಂದು ರೂಲಾದ್ರೂ ಬಿಡಬಾರ್ದಾ?" ಎಂದೆ.

"ಅವರು ಇಮಾಮರು ಮಾರಾಯ್ರೆ. ನಾನು ಬೋಲ್ಟ್ ಬಿಗಿಯುವವ."

ಮುಷ್ಕರ ಸೋತಿತು. ಕೆಲಸ ಹೋಯಿತು. ಅದ್ರಾಮಾಕ ಗೋದಾಮುಗಳಲ್ಲಿ ಪೆಟ್ಟಿಗೆ ಎತ್ತಿ ಬೆನ್ನು ಮುರಿದುಕೊಂಡರು.

ಹೋದ ಫೆಬ್ರವರಿಯಲ್ಲಿ ಅವ್ವಮ್ಮನ ಕಿಡ್ನಿ ಪೂರ್ತಿ ಕೈಕೊಟ್ಟಿತು. ಆಸ್ಪತ್ರೆ. ಮಾತು ನಿಂತಿತ್ತು, ಕಣ್ಣು ಮಾತ್ರ ಓಡಾಡುತ್ತಿತ್ತು. ಮಧ್ಯಾಹ್ನ ಇಳಿಯುವ ಅಸರ್ ನಮಾಝಿನ ಹೊತ್ತಿಗೆ ಅದ್ರಾಮಾಕ ವುಝೂ ಮಾಡಿ ಹಾಸಿಗೆಯ ಪಕ್ಕ ಬಂದರು. ಅವ್ವಮ್ಮ ಕೈ ಎತ್ತಿದರು. ಅದ್ರಾಮಾಕ ಸರಕ್ಕನೆ ತಮ್ಮ ಕೈ ಹಿಂದಕ್ಕೆಳೆದುಕೊಂಡರು. ಯೋಚಿಸಿ ಮಾಡಿದ್ದಲ್ಲ. ಬಿಸಿ ಪಾತ್ರೆಯಿಂದ ಕೈ ಎಳೆಯುತ್ತೇವಲ್ಲ, ಹಾಗೆ. "ಈಗ ಬಂದೆ" ಎಂದು ಮೂಲೆಯಲ್ಲಿ ಚಾಪೆ ಹಾಸಿದರು. ನಮಾಝ್ ಮುಗಿಸುವ ಸಲಾಂ ಹೇಳಿ ತಿರುಗಿ ನೋಡಿದರೆ ನರ್ಸು ನಿಂತಿದ್ದಳು. ಅವ್ವಮ್ಮ ತೀರಿಹೋಗಿದ್ದರು.

ಮರುದಿನ ಮಸೀದಿಯ ಹಿಂದಿನ, ಮಯ್ಯಿತ್, ಅಂದರೆ ಶವ, ತೊಳೆಯುವ ಕೋಣೆಯ ಬಾಗಿಲಲ್ಲಿ ಅದ್ರಾಮಾಕ ಅಂಗಿಯ ತೋಳು ಮಡಚಿ ನಿಂತಿದ್ದರು. ಆಸ್ಪತ್ರೆಯಲ್ಲಿ ನಡೆದದ್ದನ್ನು ಅಲ್ಲೇ ನನಗೆ ಹೇಳಿದ್ದು.

"ನಾನೇ ತೊಳೀಬೇಕು. ನಮ್ಮ ಇಮಾಮರ ಪ್ರಕಾರ ಗಂಡ ಹೆಂಡತಿಯನ್ನು ಮೀಯಿಸ್ಲಿಕ್ಕೆ ಆಗ್ತದೆ. ನಿನ್ನೆ ಕೊಡದ ಕೈ ಇವತ್ತಾದ್ರೂ ಕೊಡ್ತೇನೆ."

ಮಸೀದಿ ಹನಫಿಗಳದ್ದು. ಅವರಲ್ಲಿ ಹೆಂಡತಿ ಸತ್ತರೆ ಗಂಡ ಮೀಯಿಸುವಂತಿಲ್ಲ, ನೋಡಬಹುದು ಅಷ್ಟೇ. ಇಲ್ಲೇ ಹುಟ್ಟಿದ ಮಗಳು ನಸೀಮಾ ಅಪ್ಪನ ಬೆನ್ನು ತಳ್ಳಿದಳು. "ಬಾಪಾ, ಜಸ್ಟ್ ಗೋ ಇನ್. ಯಾರು ಸ್ಟಾಪ್ ಮಾಡ್ತಾರೆ?"

"ಕೇಳದೆ ಹೋಗ್ಲಿಕ್ಕಾಗ್ತದಾ? ಅವರ ಮಸೀದಿ ಅಲ್ವಾ ಮಗಾ."

ಕೇಳಲಿಕ್ಕೆ ಹೋದರು. ದರ್ಸಿನಲ್ಲಿ ಕಲಿತವರ ಹಣೆಬರಹವೇ ಅದು. ಗುಜರಾತಿನ ಮೌಲಾನಾ ಒಳ್ಳೆಯ ಮನುಷ್ಯ, ಕೂರಿಸಿ ನೀರು ಕೊಟ್ಟರು. "ಚಾಚಾ, ನಮ್ಮಲ್ಲಿ ಇಲ್ಲ. ಆದರೆ ನಿಮ್ಮ ಪಂಥ, ನಿಮ್ಮ ಮಝ್‌ಹಬ್‌ ಬೇರೆ. ಹಿರಿಯರನ್ನು ಒಂದು ಮಾತು ಕೇಳ್ತೀನಿ" ಎಂದು ಫೋನು ಹಚ್ಚಿದರು. ಆ ಹಿರಿಯರು ಇನ್ನೊಬ್ಬರನ್ನು ಕೇಳಿದರು. ಕಡೆಗೆ ಎಲ್ಲರೂ ಒಪ್ಪಿದರು. ಬಾಗಿಲಿಗೆ ಬಂದರೆ ಹೈದರಾಬಾದಿನ ಹೆಂಗಸೊಬ್ಬರು ಗ್ಲೌಸು ಕಳಚುತ್ತಿದ್ದರು. ಮೀಯಿಸಿ, ಕಫನ್ ಬಟ್ಟೆ ಸುತ್ತಿ ಆಗಿತ್ತು. ಒಳಗಿದ್ದವರಿಗೆ ಹೊರಗಿನ ವಿಚಾರ ಯಾರೂ ಹೇಳಿರಲಿಲ್ಲ. ಕೂಗಾಡೋಣವೆಂದರೆ ತಪ್ಪು ಮಾಡಿದವರು ಒಬ್ಬರೂ ಇರಲಿಲ್ಲ.

"ಮುಖ ತೆರೆದೇ ಇದೆ ಚಾಚಾ, ಬನ್ನಿ" ಎಂದರು ಮೌಲಾನಾ.

ಅದ್ರಾಮಾಕ ಒಳಗೆ ಹೋಗಿ ಬಲಗೈಯನ್ನು ಅವ್ವಮ್ಮನ ಕೆನ್ನೆಯ ಮೇಲಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಹೆಂಗಸರೇ ಮುಖ ಮುಚ್ಚಿದರು.

ಮಯ್ಯಿತ್ ನಮಾಝಿಗೆ ಜನ ಸಾಲುಗಟ್ಟಿದರು. ಅದಕ್ಕೂ ವುಝೂ ಬೇಕು, ಇವರದ್ದು ಈಗಷ್ಟೇ ಮುರಿದಿದೆ. ನಲ್ಲಿಗಳ ಸಾಲಿನತ್ತ ಹೋದವರು ಬರಲಿಲ್ಲ. ಮೊದಲ ಸಾಲಿನಲ್ಲಿ ಅವರ ಜಾಗ ಖಾಲಿ. ಕರೆಯಲಿಕ್ಕೆ ನಾನು ಹೋದೆ.

ನೀರು ಧೋ ಎಂದು ಬೀಳುತ್ತಿತ್ತು. ಸ್ಟೂಲಿನ ಮೇಲೆ ಅದ್ರಾಮಾಕ ಕೂತಿದ್ದರು.

"ಎದ್ದೇಳ್ರಿ, ನಿಮಗೇ ಕಾಯ್ತಿದ್ದಾರೆ."

"ತೊಳೀಲಿಕ್ಕೆ ಆಗುದಿಲ್ಲ ಮಾರಾಯ್ರೆ. ಹೇಳಿ ಅವರಿಗೆ, ಶುರು ಮಾಡ್ಲಿ."

ಒಳಗೆ ಮೌಲಾನಾ ಅಲ್ಲಾಹು ಅಕ್ಬರ್ ಎಂದು ಮೊದಲ ತಕ್ಬೀರ್ ಹೇಳಿದ್ದು ಕೇಳಿಸಿತು. ಆ ನಮಾಝಿನಲ್ಲಿ ಬಾಗುವುದಿಲ್ಲ, ಕೂರುವುದಿಲ್ಲ, ಬೇಗ ಮುಗಿಯುತ್ತದೆ. ಮುಗಿಯಿತು. ಅವ್ವಮ್ಮನ ಕೆನ್ನೆ ಮುಟ್ಟಿದ ಅವರ ಬಲಗೈ ಒಣಗಿಯೇ ಇತ್ತು.